ಕಲಬುರಗಿ ಕಡೆ ಲಾರಿ ಕಾಟವಿಲ್ಲದ ಗುಡ್ಡದ ದಾರಿ ಇದೆಯಾ?

ಕಲಬುರಗಿಗೆ ವರ್ಗವಾಗಿ ಬಂದಿದ್ದೀರಿ, ಟೂರಿಂಗ್ ಸೈಕಲ್ ಇದೆ, ವಾಹನಗಳಿಲ್ಲದ ಏರಿಳಿತದ ಹಳ್ಳಿ ದಾರಿ ಈ ಭಾಗದಲ್ಲಿ ಸಿಗುತ್ತಾ, ಇಲ್ಲ ರಜೆ ಹಾಕಿ ಮಲೆನಾಡಿಗೇ ಹೋಗಬೇಕಾ ಅಂತ ಕೇಳಿದ್ದೀರಿ. ಸಿಗುತ್ತದೆ. ನಾನು ಚಿಂಚೋಳಿ ಕಡೆಯವನು. ನಮ್ಮ ಭಾಗ ಅಂದರೆ ಬರೀ ಬಿಸಿಲು, ಬಯಲು ಅಂತ ಹೇಳುವವರೇ ಜಾಸ್ತಿ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ಸೈಕಲ್ಲಿಗೆ ಅಂತಲೇ ಮಾಡಿದ ದಾರಿ ಇಲ್ಲಿ ಹುಡುಕಬೇಡಿ, ಇಲ್ಲ. ಲಾರಿಗೆ ಕೆಲಸವಿಲ್ಲದ ದಾರಿ ಹುಡುಕಿ. ಎರಡು ಪಟ್ಟಣ ಜೋಡಿಸುವ ರಸ್ತೆ ಚೊಕ್ಕ ಇರುತ್ತದೆ, ಆದರೆ ಅದರ ಮೇಲೆ ಟಿಪ್ಪರ್ ಇರುತ್ತದೆ. ಒಂದು ತಾಂಡಾಕ್ಕೋ (ಲಂಬಾಣಿಗರ ಹಟ್ಟಿ), ಕೆರೆಗೋ, ಗುಡಿಗೋ ಹೋಗಿ ಮುಗಿಯುವ ರಸ್ತೆಯಲ್ಲಿ ಸಿಗುವುದು ಒಂದೆರಡು ಬೈಕು, ಒಂದು ಟಂಟಂ ಆಟೊ, ಹೊತ್ತಿಗೊಂದು ಬಸ್ಸು, ಅಷ್ಟೇ. ಊರ ಬಾಯಿಗೆ 'ನಮ್ಮ ಗ್ರಾಮ ನಮ್ಮ ರಸ್ತೆ' ಬೋರ್ಡೋ ಗ್ರಾಮ ಸಡಕ್ ಯೋಜನೆಯ ಬೋರ್ಡೋ ಕಂಡರೆ ಧೈರ್ಯವಾಗಿ ಒಳಗೆ ತಿರುಗಿಸಿ. ಆ ರಸ್ತೆಗಳಿಗೆ ಡಾಂಬರೂ ಇರುತ್ತದೆ, ಸದ್ದೂ ಇರುವುದಿಲ್ಲ.

ಬಿಡಬೇಕಾದವನ್ನೂ ಹೇಳಿಬಿಡುತ್ತೇನೆ. ಕಲಬುರಗಿಯಿಂದ ಮಳಖೇಡ, ಸೇಡಂ ಕಡೆ ಹೋಗುವ ರಸ್ತೆ, ಆಮೇಲೆ ಶಹಾಬಾದ್, ವಾಡಿ ಸುತ್ತಮುತ್ತ. ಅದೆಲ್ಲ ಸಿಮೆಂಟ್ ಮತ್ತು ಕಲ್ಲಿನ ಪಟ್ಟಿ, ಹಗಲು ರಾತ್ರಿ ಲೋಡ್ ಗಾಡಿ. ಹುಮನಾಬಾದ್ ಹತ್ತಿರ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯೂ ಬೇಡ. ಬೀದರ್ ಜಿಲ್ಲೆಯಲ್ಲಿ ಕಬ್ಬು ನುರಿಸುವ ಕಾಲದಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಸಂಜೆ ಮೇಲೆ ಹಿಂದೆ ದೀಪವೇ ಇಲ್ಲದೆ ಹೋಗುತ್ತವೆ. ಭಾಲ್ಕಿ, ಹುಮನಾಬಾದ್ ಕಡೆ ಇದ್ದರೆ ಹೊತ್ತು ಮುಳುಗುವ ಮೊದಲೇ ಊರು ಸೇರಿಬಿಡಿ.

ಈಗ ಗುಡ್ಡದ ವಿಷಯ. ಕಲಬುರಗಿ ಸಮುದ್ರಮಟ್ಟದಿಂದ 454 ಮೀಟರ್ ಎತ್ತರದಲ್ಲಿದೆ, ಬೀದರ್ ಸುಮಾರು 700 ಮೀಟರ್. ಈ ಎರಡರ ನಡುವಿನ ಏರು ಮಲೆನಾಡಿನ ಘಾಟಿಯ ಹಾಗೆ ಗಂಟೆಗಟ್ಟಲೆ ಇರುವುದಿಲ್ಲ. ಗುಡ್ಡದ ಅಂಚಿನಲ್ಲಿ ಒಮ್ಮೆಲೆ ಕಡಿದಾಗಿ ಏರಬೇಕು. ಮೇಲೆ ಹತ್ತಿದರೆ ಕೆಂಪು ಕಲ್ಲಿನ ಸಪಾಟು ನೆಲ. ಆಮೇಲೆ ಮತ್ತೆ ಹಳ್ಳಕ್ಕೆ ಇಳಿಜಾರು, ಮತ್ತೆ ಏರು. ಒಂದೊಂದು ಏರೂ ಚಿಕ್ಕದೇ, ಆದರೆ ಸಾಲಾಗಿ ಬರುತ್ತವೆ. ಲೋಡ್ ಹಾಕಿಕೊಂಡಿದ್ದರೆ ಮುಂದೆ ಚಿಕ್ಕ ಗೇರ್ ಇರುವ ಸೈಕಲ್ಲೇ ಬೇಕು.

ನನ್ನನ್ನು ಕೇಳಿದರೆ ಮೊದಲು ಹೋಗಬೇಕಾದದ್ದು ಚಿಂಚೋಳಿ–ಕುಂಚಾವರಂ ಕಾಡಿಗೆ. ಕಲಬುರಗಿಯಿಂದ ಚಿಂಚೋಳಿವರೆಗೆ ತುಳಿಯುತ್ತಾ ಬರಬೇಡಿ. ಸೈಕಲ್ಲನ್ನು ಬಸ್ಸಿಗೋ ಗಾಡಿಗೋ ಹಾಕಿಕೊಂಡು ಬನ್ನಿ, ರಾತ್ರಿ ಚಿಂಚೋಳಿಯಲ್ಲಿ ಉಳಿಯಿರಿ, ಬೆಳಿಗ್ಗೆ ಬೆಳಕು ಹರಿಯುತ್ತಲೇ ಹೊರಡಿ. ಮೊದಲ ಗುರಿ ಚಂದ್ರಂಪಳ್ಳಿ ಜಲಾಶಯ. ಸುತ್ತಲೂ ಗುಡ್ಡ, ನಡುವೆ ನೀರು. ಅಲ್ಲಿ ತಲುಪುವ ಹೊತ್ತಿಗೆ ತೊಗರಿ ಹೊಲ ಹಿಂದೆ ಬಿದ್ದು ಕಾಡು ಶುರುವಾಗಿರುತ್ತದೆ. ಈ ಕಾಡಿಗೆ 2011ರಲ್ಲಿ ವನ್ಯಧಾಮದ ಘೋಷಣೆ ಆಯಿತು, ವಿಸ್ತೀರ್ಣ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದಲ್ಲಿ ಒಣಭೂಮಿಯ ಮೊದಲ ವನ್ಯಧಾಮ ಇದೇ. ಶ್ರೀಗಂಧ, ರಕ್ತಚಂದನ ಎರಡೂ ಇವೆ. ತೋಳ, ಕತ್ತೆಕಿರುಬ, ಕೃಷ್ಣಮೃಗ, ನರಿ ಇಲ್ಲಿನ ಪ್ರಾಣಿಗಳು. ಡಾಂಬರು ಬಿಟ್ಟು ಕಾಡಿನ ಜಾಡು ಹಿಡಿಯುವ ಯೋಚನೆ ಇದ್ದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ. ಕೇಳದೆ ಒಳಗೆ ಹೋಗುವುದು ತಪ್ಪು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅಷ್ಟು ಸಣ್ಣ ಕಾಡು ಅದು, ಅದರ ಪ್ರಾಣಿಗಳಿಗೆ ಹೋಗೋಕೆ ಬೇರೆ ಜಾಗ ಇಲ್ಲ.

ಚಂದ್ರಂಪಳ್ಳಿಯಿಂದ ಮುಂದೆ ಕುಂಚಾವರಂ ಕಡೆ ಸಾಗಿ. ಗೊಟ್ಟಂಗೊಟ್ಟದ ಬಕ್ಕಪ್ರಭು ಗುಡಿಗೆ ಹೋಗಿಬರಬಹುದು, ಜಾತ್ರೆ ಇಲ್ಲದ ದಿನ ಬಹಳ ಶಾಂತ ಜಾಗ. ಮಳೆಗಾಲದ ಕೊನೆಗೆ ಬಂದರೆ ಎತ್ತಿಪೋತ, ಮಾಣಿಕಪುರ ಜಲಪಾತಗಳಲ್ಲಿ ನೀರಿರುತ್ತದೆ, ಬೇಸಿಗೆಯಲ್ಲಿ ಬರೀ ಬಂಡೆ. ದಾರಿಯುದ್ದಕ್ಕೂ ಲಂಬಾಣಿ ತಾಂಡಾಗಳು. ಒಂದು ತಾಂಡಾ ದಾಟಿ ಏರು ಹತ್ತಿದರೆ ಇನ್ನೊಂದು. ಕುಂಚಾವರಂ ಹತ್ತಿರ ಹತ್ತಿರ ಮಾತು ಕನ್ನಡದಿಂದ ತೆಲುಗಿಗೆ ತಿರುಗುತ್ತದೆ, ತೆಲಂಗಾಣ ಅಲ್ಲೇ ಪಕ್ಕ. ದೀಪಾವಳಿ ಮುಗಿದ ಮೇಲೆ ತಾಂಡಾಗಳಲ್ಲಿ ಎಷ್ಟೋ ಮನೆಗೆ ಬೀಗ ಬಿದ್ದಿರುತ್ತದೆ, ಜನ ದುಡಿಯೋಕೆ ಮುಂಬೈ, ಪುಣೆ, ಹೈದರಾಬಾದಿಗೆ ಹೋಗಿರುತ್ತಾರೆ. ಅಂಗಡಿ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ನೀರು ನಾಲ್ಕು ಲೀಟರ್ ಇರಲಿ. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಕಟ್ಟಿಕೊಳ್ಳಿ. ರೊಟ್ಟಿ ಮುರಿದರೂ ಕೆಡುವುದಿಲ್ಲ, ಹಿಂಡಿಗೆ ತಂಗಳಪೆಟ್ಟಿಗೆ ಬೇಡ. ದುಬಾರಿ ಎನರ್ಜಿ ಬಾರ್‌ಗಳಿಗಿಂತ ಇದೇ ಮೇಲು.

ಸೈಕಲ್ ತಯಾರಿಯಲ್ಲಿ ಎಲ್ಲಕ್ಕಿಂತ ಮುಖ್ಯ ಮುಳ್ಳು. ಮಳೆ ನಿಂತ ಮೇಲೆ ರಸ್ತೆ ಅಂಚಿಗೆ ನೆಗ್ಗಿಲು ಹಬ್ಬಿರುತ್ತದೆ. ಅದರ ಕಾಯಿ ಹೇಗೇ ಬಿದ್ದರೂ ಒಂದು ಮುಳ್ಳು ಮೇಲೆ ಮುಖ ಮಾಡಿಯೇ ಇರುತ್ತದೆ. ವಾಹನಕ್ಕೆ ಜಾಗ ಕೊಡೋಣ ಅಂತ ಡಾಂಬರಿನಿಂದ ಒಂದು ಮೊಳ ಕೆಳಗೆ ಇಳಿದರೆ ಸಾಕು, ಎರಡೂ ಟೈರಿಗೆ ಹತ್ತಿರುತ್ತದೆ. ರಾಶಿ ಕಾಲದಲ್ಲಿ ರೈತರು ಬೆಳೆಯನ್ನು ರಸ್ತೆ ಮೇಲೇ ಹರಡುತ್ತಾರೆ. ಅದರಲ್ಲಿ ಮುಳ್ಳಿನ ಕುಸುಬಿ ಇದ್ದರೆ ಸೈಕಲ್ ಎತ್ತಿಕೊಂಡು ದಾಟಿ, ತೊಗರಿ ಆದರೆ ಇಳಿದು ತಳ್ಳಿ. ಅದು ಅವರ ವರ್ಷದ ದುಡಿಮೆ, ಮೇಲೆ ಹಾಯಿಸಬೇಡಿ. ಟೈರ್ 35 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಟ್ಯೂಬ್‌ಲೆಸ್ ಇದ್ದರೆ ತೂತು ಮುಚ್ಚುವ ದ್ರವ (ಸೀಲೆಂಟ್) ತುಂಬಿಸಿ, ಇಲ್ಲದಿದ್ದರೆ ಟೈರೊಳಗೆ ಮುಳ್ಳು ತಡೆಯುವ ಪಟ್ಟಿ (ಲೈನರ್) ಹಾಕಿ. ಇನ್ನೊಂದು ಸಣ್ಣ ವಸ್ತು ಮರೆಯಬೇಡಿ. ನಿಮ್ಮ ಟ್ಯೂಬಿನದ್ದು ತೆಳ್ಳಗಿನ ಪ್ರೆಸ್ಟಾ ವಾಲ್ವ್ ಆಗಿದ್ದರೆ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಜೇಬಿನಲ್ಲಿಡಿ. ಅದಿದ್ದರೆ ಬೈಕಿಗೆ ಗಾಳಿ ಹಾಕುವ ಯಾವ ಪಂಕ್ಚರ್ ಅಂಗಡಿಯಲ್ಲೂ ಕೆಲಸ ಆಗುತ್ತದೆ. ಇಲ್ಲದಿದ್ದರೆ ಅಂಗಡಿಯವರು ವಾಲ್ವ್ ನೋಡಿ ಸೈಕಲ್ಲನ್ನು ವಾಪಸ್ ಕೊಡುತ್ತಾರೆ.

ಮಣ್ಣಿನ ಗುರುತೂ ಇರಬೇಕು. ಮಸಾರಿ (ಕೆಂಪು ಮಣ್ಣು), ಗರಸು (ಸಣ್ಣ ಕಲ್ಲಿನ ನೆಲ) ಇರುವ ಕಚ್ಚಾ ರಸ್ತೆ ಮಳೆಯಾದ ಮರುದಿನವೇ ತುಳಿಯಬಹುದು. ಎರಿ (ಕಪ್ಪು ಮಣ್ಣಿನ) ನೆಲದಲ್ಲಿ ಹಾಗಲ್ಲ. ಹಸಿ ಎರಿಮಣ್ಣು ಟೈರಿಗೆ ಸುತ್ತಿಕೊಂಡು ಮಡ್‌ಗಾರ್ಡ್ ಒಳಗೆ ಸೇರಿ ಗಟ್ಟಿಯಾದರೆ ಗಾಲಿ ತಿರುಗುವುದೇ ಇಲ್ಲ. ಕಡ್ಡಿಯಿಂದ ಕೆರೆದು ತೆಗೆದರೆ ನಾಲ್ಕು ಹೆಜ್ಜೆಗೆ ಮತ್ತೆ ಅಷ್ಟೇ ತುಂಬಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಲದ ದಾರಿ ಕಡೆ ತಲೆ ಹಾಕಬೇಡಿ, ಡಾಂಬರಿನ ಮೇಲೇ ಇರಿ. ಆಷಾಢದ ಗಾಳಿ ಪಡುವಣದಿಂದ ಜೋರಾಗಿ ಬೀಸುತ್ತದೆ, ಆ ದಿನಗಳಲ್ಲಿ ಪೂರ್ವಕ್ಕೆ ಹೋಗುವ ಹಾಗೆ ದಾರಿ ಇಟ್ಟುಕೊಂಡರೆ ಅರ್ಧ ಶ್ರಮ ಉಳಿಯುತ್ತದೆ.

ಚಿಂಚೋಳಿ ಆದಮೇಲೆ ಬೀದರ್. ಕಲಬುರಗಿ–ಬೀದರ್ ರೈಲು 2017ರಲ್ಲಿ ಶುರುವಾಯಿತು. ಮರಗುತ್ತಿ ಹತ್ತಿರ ಸುರಂಗ ಕೊರೆದು ಹಳಿ ಹಾಕಿದ್ದಾರೆ, ಗುಡ್ಡ ಇದೆ ಅನ್ನೋಕೆ ಬೇರೆ ಸಾಕ್ಷಿ ಬೇಡ ಅಲ್ವಾ? ಸೈಕಲ್ಲಿಗೆ ಲಗೇಜ್ ಚೀಟಿ ಮಾಡಿಸಿ ರೈಲಲ್ಲಿ ಮೇಲೆ ಹೋಗಿ. ಕೋಟೆ ನೋಡಿಕೊಂಡು, ಸೂಫಿ ಸಂತರ ಗೋರಿಯಾದ ಚೌಖಂಡಿ ದಾಟಿ ಅಷ್ಟೂರಿಗೆ ಇಳಿಯಿರಿ, ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ಹೊಲದ ನಡುವೆ ನಿಂತಿವೆ. ಅಲ್ಲಿಂದ ಹಳ್ಳಿ ದಾರಿ ಹಿಡಿದು ಮಾಂಜ್ರಾ ನದಿ ಕಡೆ ಸುತ್ತಾಡಿ. ಮರಳುವಾಗ ಗುಡ್ಡ ಹತ್ತಬೇಕಾಗುತ್ತದೆ ಅನ್ನೋದು ನೆನಪಿರಲಿ. ಕಾಡು ಬೇಕೆಂದರೆ ಹೊನ್ನಿಕೇರಿ ಕಡೆ ಅರ್ಧ ದಿನ ಸಾಕು.

ಯಾದಗಿರಿಯದ್ದು ಬೇರೆಯೇ ನೋಟ, ಅಲ್ಲಿ ಗ್ರಾನೈಟ್ ಬಂಡೆಗಳ ಗುಡ್ಡ. ಶಹಾಪುರದ ಮಲಗಿದ ಬುದ್ಧನ ಗುಡ್ಡ ಎಲ್ಲರಿಗೂ ಗೊತ್ತು, ಆದರೆ ಅದರ ಪಕ್ಕದ ಹೆದ್ದಾರಿ ಸೈಕಲ್ಲಿಗೆ ಆಗುವುದಿಲ್ಲ. ಅದರ ಬದಲು ನಾರಾಯಣಪುರ ಎಡದಂಡೆ ಕಾಲುವೆಯ ಬದಿಯ ಗರಸು ದಾರಿ ಹಿಡಿಯಿರಿ. ಏರಿಳಿತ ಕಡಿಮೆ, ನೆರಳೂ ಕಡಿಮೆ, ಗಾಡಿ ಇಲ್ಲವೇ ಇಲ್ಲ ಅನ್ನಬಹುದು. ಯಾದಗಿರಿಯಿಂದ ಹತ್ತಿಕುಣಿ ಜಲಾಶಯಕ್ಕೆ ಹೋಗಿಬರುವುದು ಒಂದು ಬೆಳಗಿನ ಕೆಲಸ.

ಕಾಲ ಅಂತ ಕೇಳಿದರೆ ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ. ಮಾರ್ಚ್ ಬಂದರೆ ಹತ್ತು ಗಂಟೆ ಮೇಲೆ ತುಳಿಯೋಕೆ ಆಗದು, ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಸಾಧ್ಯವಾದರೆ ಎಳ್ಳಮಾವಾಸ್ಯೆಯ ದಿನ ಚಿಂಚೋಳಿ ಸುತ್ತ ಇರುವ ಹಾಗೆ ನೋಡಿಕೊಳ್ಳಿ, ಡಿಸೆಂಬರ್ ಕೊನೆಗೋ ಜನವರಿಗೋ ಬರುತ್ತದೆ. ಆವತ್ತು ಮನೆಮಂದಿಯೆಲ್ಲ ಹೊಲದಲ್ಲಿ ಇರುತ್ತಾರೆ, ಚರಗ (ಭೂತಾಯಿಗೆ ನೈವೇದ್ಯ) ಹೊಲದಲ್ಲಿ ಚೆಲ್ಲಿ ಊಟಕ್ಕೆ ಕೂರುತ್ತಾರೆ. ರಸ್ತೆಯಲ್ಲಿ ಹೋಗುವವರನ್ನು "ಬರ್ರಿ, ಉಂಡು ಹೋಗ್ರಿ" ಅಂತ ಕೂಗಿ ಕರೆಯುತ್ತಾರೆ. ಕಾಳು-ಸೊಪ್ಪಿನ ಬಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಅಂಬಲಿ ಒಂದು ಹೊಲದಲ್ಲಿ ಮುಗಿಯುವಷ್ಟರಲ್ಲಿ ಪಕ್ಕದ ಹೊಲದವರು ಕರೆದಿರುತ್ತಾರೆ. ಆ ದಿನಕ್ಕೆ ಇಪ್ಪತ್ತು ಕಿಲೋಮೀಟರ್‌ಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ.