ಕ್ಲೌಡ್‌ನಲ್ಲಿಟ್ಟ ಲೆಕ್ಕ ಯಾರ ಕೈಯಲ್ಲಿ?

ಈ ಸಲ ಬಂದ ಪತ್ರಗಳಲ್ಲಿ ಕೊಡಗಿನವೇ ಜಾಸ್ತಿ. ಕ್ಲೌಡ್ ಅಂದರೆ ನಮ್ಮ ಲೆಕ್ಕ, ಫೋಟೋಗಳನ್ನು ಇಂಟರ್ನೆಟ್ ಮೂಲಕ ಬೇರೆ ಕಂಪನಿಯ ಕಂಪ್ಯೂಟರುಗಳಲ್ಲಿ ಇಡುವುದು. ಅದರ ಬಗ್ಗೆ ಮಾಹಿತಿ ಸಭೆಗೆ ಕರೆ ಬಂದವರು, ತಾವೇ ಸಭೆ ಮಾಡಲು ಹೊರಟವರು, ಕ್ಲೌಡ್ ಅಂದರೆ ಸುಮ್ನೆ ಹೆದರುವವರು, ಎಲ್ಲರೂ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಮ್ಮದು ಕಾಫಿ ತೋಟ. ಚೆಕ್‌ರೋಲ್ (ಕೆಲಸದವರ ಹಾಜರಿ, ಸಂಬಳದ ಪುಸ್ತಕ), ಗೊಬ್ಬರದ ಲೆಕ್ಕ, ಕಾಫಿ, ಮೆಣಸು ಮಾರಿದ ಬಿಲ್ಲು ಎಲ್ಲ ಆಫೀಸಿನ ಒಂದು ಹಳೇ ಕಂಪ್ಯೂಟರಿನಲ್ಲಿದೆ. ಮುಂದಿನ ವಾರ ಮಡಿಕೇರಿಯಲ್ಲಿ ಕ್ಲೌಡ್‌ನ ಲಾಭ, ಭದ್ರತೆ ಬಗ್ಗೆ ಉಚಿತ ಕಾರ್ಯಕ್ರಮ ಇದೆಯಂತೆ, ಊಟವೂ ಇದೆ. ಹೋಗಲೋ ಬೇಡವೋ? ನಮ್ಮ ಲೆಕ್ಕವನ್ನು ಇನ್ಯಾರದ್ದೋ ಕಂಪ್ಯೂಟರಿನಲ್ಲಿ ಯಾಕೆ ಇಡಬೇಕು?
(ಬೆಳೆಗಾರರು, ಸುಂಟಿಕೊಪ್ಪ)

ಉತ್ತರ: ಹೋಗಿ. ಊಟ ಮಾಡಿಕೊಂಡೇ ಬನ್ನಿ. ಆದರೆ ಅವತ್ತೇ ಯಾವ ಫಾರಂಗೂ ಸಹಿ ಹಾಕಬೇಡಿ. ಉಚಿತ ಕಾರ್ಯಕ್ರಮ ಅಂದ ಮೇಲೆ ಹಾಲ್ ಬಾಡಿಗೆ ಯಾರೋ ಕೊಟ್ಟಿರುತ್ತಾರೆ. ಅದು ಸಾಫ್ಟ್‌ವೇರ್ ಮಾರುವವರಾದರೆ ಲಾಭದ ಭಾಗ ಒಂದು ಗಂಟೆ ಇರುತ್ತದೆ, ಭದ್ರತೆಯ ಭಾಗ ಊಟಕ್ಕೆ ಮುಂಚಿನ ಐದು ನಿಮಿಷ. ಅದೇನೂ ಮೋಸ ಅಲ್ಲ, ಅವರ ವ್ಯಾಪಾರ. ನೀವು ಕೇಳಬೇಕಾದ್ದನ್ನು ಬರೆದುಕೊಂಡು ಹೋದರಾಯಿತು.

ಯಾಕೆ ಇಡಬೇಕು ಅಂತ ಕೇಳಿದ್ದೀರಿ. 2018ರ ಆಗಸ್ಟ್ ನೆನಪಿದೆಯಲ್ಲ? ಗುಡ್ಡ ಜರಿದು ಮನೆಗಳೇ ಹೋದ ಕಡೆ ಬೀರುವಿನಲ್ಲಿದ್ದ ಪತ್ರ, ಮೇಜಿನ ಮೇಲಿದ್ದ ಕಂಪ್ಯೂಟರ್ ಎಲ್ಲಿ ಉಳಿಯಬೇಕು. ಒಂದೇ ಜಾಗದಲ್ಲಿರುವ ಲೆಕ್ಕಕ್ಕೆ ಆ ಜಾಗದಷ್ಟೇ ಆಯುಸ್ಸು. ನನ್ನ ಕೇಳಿದರೆ ಕ್ಲೌಡ್‌ನ ದೊಡ್ಡ ಲಾಭ ಇದೇ, ಮಿಕ್ಕಿದ್ದೆಲ್ಲ ಆಮೇಲೆ. ಲೆಕ್ಕ ಅಮೆರಿಕಕ್ಕೆ ಹೋಗುತ್ತದೆ ಅನ್ನುವ ಭಯವೂ ಈಗ ಅಷ್ಟು ಬೇಡ. ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ ನಮ್ಮ ದೇಶದಲ್ಲೇ ಡೇಟಾ ಸೆಂಟರ್‌ಗಳಿಂದ (ಸಾವಿರಾರು ಕಂಪ್ಯೂಟರ್ ಇಟ್ಟ ಕಟ್ಟಡಗಳಿಂದ) ಕ್ಲೌಡ್ ಸೇವೆ ಶುರು ಮಾಡಿದವು. ಅಮೆಜಾನ್‌ನದ್ದು ಮೊದಲು ಮುಂಬೈ, 2022ರಿಂದ ಹೈದರಾಬಾದ್ ಕೂಡ. ನಿಮ್ಮ ಸಾಫ್ಟ್‌ವೇರ್‌ನವರು ಇವುಗಳಲ್ಲಿ ಎಲ್ಲಿ ಇಡುತ್ತಾರೆ ಅಂತ ಕೇಳಿ, ಹೇಳಲೇಬೇಕು.

ಹಾಗಂತ ಕ್ಲೌಡ್‌ಗೆ ಹಾಕಿದ ಮೇಲೆ ಏನೂ ಆಗುವುದಿಲ್ಲ ಅಂತಲ್ಲ. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿ, ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಕ್ಲೌಡೇ ಸುಟ್ಟುಹೋಯಿತು. 858 ಟೆರಾಬೈಟ್, ಅಂದರೆ ಎಂಟೂವರೆ ಲಕ್ಷ ಜಿಬಿಗೂ ಹೆಚ್ಚು. ಹೊರಗೆ ಬೇರೆ ಪ್ರತಿ ಇರಲಿಲ್ಲ. 2024ರ ಮೇನಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಅನ್ನುವ ಪಿಂಚಣಿ ನಿಧಿಯ ಖಾತೆ ಗೂಗಲ್ ಕ್ಲೌಡ್‌ನಲ್ಲಿ ಒಂದು ತಪ್ಪು ಸೆಟ್ಟಿಂಗ್‌ನಿಂದ ಅಳಿಸಿಹೋಯಿತು. ಅವರು ಇನ್ನೊಂದು ಕಂಪನಿಯ ಬಳಿ ಪ್ರತಿ ಇಟ್ಟಿದ್ದರಿಂದ ಬಚಾವಾದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಉಳಿಸಿದ್ದು ಹೊರಗಿದ್ದ ಇನ್ನೊಂದು ಪ್ರತಿ. ಅದಕ್ಕೆ ಸಾಫ್ಟ್‌ವೇರ್‌ನವರನ್ನು ಇದನ್ನೂ ಕೇಳಿ: ತಿಂಗಳಿಗೊಮ್ಮೆ ನಿಮ್ಮ ಲೆಕ್ಕವನ್ನು ಎಕ್ಸೆಲ್ ಫೈಲಾಗಿ ಇಳಿಸಿಕೊಂಡು ಒಂದು ಪೆನ್‌ಡ್ರೈವ್‌ಗೆ ಹಾಕಿಡಲು ಆಗುತ್ತದಾ? ಆಗುವುದಿಲ್ಲ ಅಂದರೆ ಆ ಸಾಫ್ಟ್‌ವೇರ್ ಬೇಡ.

ಈಗ ನಿಮ್ಮ ಆಫೀಸಿಗೆ ಬರೋಣ, ಸೋರುವುದು ಜಾಸ್ತಿ ಇಲ್ಲೇ. ತೋಟಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಸಾಫ್ಟ್‌ವೇರ್ ಹಾಕಿಸುವ ದಿನ ಮಾಲೀಕರು ಊರಲ್ಲಿರುವುದಿಲ್ಲ, ರೈಟರ್ (ತೋಟದ ಲೆಕ್ಕ ಬರೆಯುವವನು) ತನ್ನ ಮೊಬೈಲ್ ನಂಬರ್, ತನ್ನ ಜಿಮೇಲ್ ಕೊಟ್ಟು ಖಾತೆ ತೆರೆಯುತ್ತಾನೆ. ಪಾಸ್‌ವರ್ಡ್ ಗೋಡೆ ಕ್ಯಾಲೆಂಡರಿನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿರುತ್ತದೆ. ಎರಡು ವರ್ಷ ಕಳೆದು ರೈಟರ್ ಬೇರೆ ತೋಟಕ್ಕೆ ಹೋದ ಮೇಲೆ ಸಂಬಳದ ದಿನ ಕಂಪ್ಯೂಟರ್ ಓಟಿಪಿ ಕೇಳುತ್ತದೆ, ಅದು ಅವನ ಫೋನಿಗೆ ಹೋಗುತ್ತದೆ. ಅವನು ಒಳ್ಳೆಯವನಾದರೆ ಹೇಳುತ್ತಾನೆ. ಬಾಕಿ ವಿಷಯದಲ್ಲಿ ಜಗಳ ಆಡಿ ಹೋಗಿದ್ದರೆ? ಅದಕ್ಕೆ ಖಾತೆ ನಿಮ್ಮ ನಂಬರಿನಲ್ಲೇ ಇರಲಿ, ರೈಟರ್‌ಗೆ ಬರೀ ಹಾಜರಿ ಹಾಕುವಷ್ಟು ಅಧಿಕಾರದ ಬೇರೆ ಲಾಗಿನ್ ಕೊಡಿ. ಅವನು ಬಿಟ್ಟ ದಿನವೇ ಅದನ್ನು ಮುಚ್ಚಿ. ಕಾರ್ಯಕ್ರಮದಲ್ಲಿ ಒಂದೇ ಪ್ರಶ್ನೆ ಕೇಳುವುದಾದರೆ ಇದನ್ನೇ ಕೇಳಿ: ಕೆಲಸಗಾರ ಬಿಟ್ಟುಹೋದರೆ ಅವನ ಪ್ರವೇಶ ಹೇಗೆ ತೆಗೆಯುವುದು, ತೋರಿಸಿ. ಸ್ಲೈಡ್‌ನಲ್ಲಲ್ಲ, ನಿಜವಾದ ಪರದೆಯಲ್ಲಿ.

ಪ್ರಶ್ನೆ: ನಾವು ಹೋಮ್‌ಸ್ಟೇ ನಡೆಸುತ್ತೇವೆ. ಅತಿಥಿಗಳ ಆಧಾರ್ ಫೋಟೋ ತೆಗೆದು ಗೂಗಲ್ ಡ್ರೈವ್‌ನ ಒಂದು ಫೋಲ್ಡರಿಗೆ ಹಾಕುತ್ತೇನೆ. ಅದರ ಲಿಂಕ್ ನಮ್ಮ ಮ್ಯಾನೇಜರ್, ಅಡುಗೆಯವರು, ಬುಕಿಂಗ್ ನೋಡುವ ತಮ್ಮ, ಎಲ್ಲರ ಹತ್ತಿರ ಇದೆ. ಸಭೆಯೊಂದರಲ್ಲಿ ಗೂಗಲ್ ಡ್ರೈವ್ ತುಂಬಾ ಸೇಫ್ ಅಂದರು. ಹಾಗಾದರೆ ನಾನೂ ಸೇಫ್ ಅಲ್ವಾ?
(ಓದುಗರೊಬ್ಬರು, ಕಕ್ಕಬೆ)

ಉತ್ತರ: ಗೂಗಲ್ ಡ್ರೈವ್ ಸೇಫ್, ನಿಮ್ಮ ಫೋಲ್ಡರ್ ಅಲ್ಲ. ಒಳ್ಳೆ ಬೀಗ ಹಾಕಿ ಕೀಲಿಯನ್ನು ಬಾಗಿಲ ಪಟ್ಟಿಯ ಮೇಲೇ ಇಟ್ಟ ಹಾಗಿದೆ ಇದು. ಲಿಂಕ್ ಇದ್ದವರೆಲ್ಲ ನೋಡಬಹುದು ಅನ್ನುವ ಸೆಟ್ಟಿಂಗ್‌ನಲ್ಲಿ ಹಂಚಿದ್ದರೆ ಅದಕ್ಕೆ ಪಾಸ್‌ವರ್ಡೂ ಇಲ್ಲ, ಏನೂ ಇಲ್ಲ. ಅಡುಗೆಯವರು ಯಾರಿಗೋ ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡಿದರೆ ಅವರೂ ನೋಡಬಹುದು.

ದೊಡ್ಡವರೂ ಹೀಗೇ ಸಿಕ್ಕಿಬಿದ್ದಿದ್ದಾರೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ 10 ಕೋಟಿಗೂ ಹೆಚ್ಚು ಜನರ ಮಾಹಿತಿ ಕ್ಲೌಡ್‌ನಿಂದ ಹೊರಗೆ ಹೋಯಿತು. ಬ್ಯಾಂಕ್ ತನ್ನ ಕಡೆಯ ಫೈರ್‌ವಾಲನ್ನು (ಹೊರಗಿನವರನ್ನು ತಡೆಯುವ ವ್ಯವಸ್ಥೆಯನ್ನು) ಸರಿಯಾಗಿ ಹೊಂದಿಸಿರಲಿಲ್ಲ, ಆ ಸಂದಿಯಲ್ಲಿ ಹ್ಯಾಕರ್ ಒಬ್ಬಳು ನುಗ್ಗಿದಳು. ಕ್ಲೌಡ್ ಕಂಪನಿಗಳ ಒಪ್ಪಂದದಲ್ಲೇ ಇದು ಬರೆದಿರುತ್ತದೆ: ಕಟ್ಟಡ, ಯಂತ್ರ, ಕರೆಂಟು ನಮ್ಮ ಜವಾಬ್ದಾರಿ, ಯಾರಿಗೆ ತೋರಿಸುತ್ತೀರಿ ಅನ್ನುವುದು ನಿಮ್ಮದು. ಸಭೆಗಳಲ್ಲಿ ಮೊದಲರ್ಧ ಜೋರಾಗಿ ಹೇಳುತ್ತಾರೆ, ಎರಡನೇದು ತುಟಿ ಒಳಗೇ ಹೇಳುತ್ತಾರೆ.

ಇವತ್ತೇ ಮಾಡಿ. ಫೋಲ್ಡರ್‌ನ 'ಶೇರ್' ಒತ್ತಿ, ಲಿಂಕ್ ಪ್ರವೇಶವನ್ನು 'ರಿಸ್ಟ್ರಿಕ್ಟೆಡ್' ಮಾಡಿ. ಮ್ಯಾನೇಜರ್ ಇಮೇಲ್ ಒಂದನ್ನೇ ಸೇರಿಸಿ. ಅಡುಗೆಯವರಿಗೆ ಅತಿಥಿಯ ಆಧಾರ್ ಯಾಕೆ ಬೇಕು? ಎಷ್ಟು ಜನಕ್ಕೆ ಊಟ ಅಂತ ಗೊತ್ತಾದರೆ ಸಾಕು. ಅತಿಥಿಗಳಿಗೆ ಮಾಸ್ಕ್ಡ್ ಆಧಾರ್ ಕೊಡಿ ಅನ್ನಿ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಹಳೆಯ ಫೋಟೋಗಳನ್ನು ಎಷ್ಟು ದಿನ ಇಡಬೇಕು ಅಂತ ನಿಮ್ಮ ಪೊಲೀಸ್ ಠಾಣೆಯಲ್ಲಿ ಕೇಳಿಕೊಳ್ಳಿ, ಅದಕ್ಕಿಂತ ಹಳೆಯದನ್ನು ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಕೆಲಸ ಮುಗಿದ ಮೇಲೆ ಬೇರೆಯವರ ಮಾಹಿತಿ ಇಟ್ಟುಕೊಳ್ಳಬೇಡಿ ಅನ್ನುತ್ತದೆ. ಫೋಟೋ ತೆಗೆದ ಫೋನಿನ ಗ್ಯಾಲರಿಯನ್ನೂ ನೋಡಿ, ಅಲ್ಲೊಂದು ಪ್ರತಿ ಖಂಡಿತ ಇರುತ್ತದೆ.

ಪ್ರಶ್ನೆ: ಆಟಿ ತಿಂಗಳ (ಜುಲೈ, ಆಗಸ್ಟ್) ಮಳೆಯಲ್ಲಿ ನಮ್ಮಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಇಲ್ಲ. ಟವರ್ ಬ್ಯಾಟರಿ ಮುಗಿದು ಸಿಗ್ನಲ್ಲೂ ಹೋಗುತ್ತದೆ. ಆಗ ಈ ಕ್ಲೌಡ್ ಇಟ್ಟುಕೊಂಡು ಏನು ಮಾಡುವುದು?
(ಅಂಗಡಿ ಮಾಲೀಕರು, ಭಾಗಮಂಡಲ)

ಉತ್ತರ: ಏನೂ ಮಾಡಕ್ಕಾಗಲ್ಲ, ಅದನ್ನು ಮುಚ್ಚಿಡುವುದು ಬೇಡ. ಬೆಂಗಳೂರಿನ ಭಾಷಣಕಾರರಿಗೆ ಈ ಪ್ರಶ್ನೆ ಹೊಳೆಯುವುದೂ ಇಲ್ಲ. ಅದಕ್ಕೇ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಅವರ ಎದುರೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಒಂದು ಬಿಲ್ಲು ಮಾಡಿ ನೋಡಿ. ಬಿಲ್ಲು ಆಗಿ, ಸಿಗ್ನಲ್ ಬಂದ ಮೇಲೆ ತಾನೇ ಹೋಗಿ ಸೇರಿಕೊಂಡರೆ ತೆಗೆದುಕೊಳ್ಳಿ. ಚಕ್ರ ತಿರುಗುತ್ತಾ ನಿಂತರೆ ನಿಮ್ಮೂರಿಗೆ ಅದು ಆಗಿಬರಲ್ಲ. ಗೂಗಲ್ ಡ್ರೈವ್‌ನಲ್ಲಿ ಬೇಕಾದ ಫೈಲನ್ನು ಆಫ್‌ಲೈನ್‌ಗೆ ಇಟ್ಟುಕೊಳ್ಳಬಹುದು, ಜೂನ್ ಬರುವ ಮುಂಚೆ ಆ ಕೆಲಸ ಮುಗಿಸಿ. ಸಾಲದ ಪುಸ್ತಕ ಮಾತ್ರ ಕಾಗದದಲ್ಲೂ ಇರಲಿ.

ಪ್ರಶ್ನೆ: ಅಜ್ಜ ಬರೆದಿಟ್ಟ ಮಳೆ ಪುಸ್ತಕಗಳಿವೆ. ದಿನಾ ಬೆಳಿಗ್ಗೆ ಅಳೆದು ಇಂಚು, ಸೆಂಟಿನಲ್ಲಿ ಬರೆದದ್ದು. ಬೂಷ್ಟು ಹಿಡಿಯುತ್ತಿದೆ. ಕ್ಲೌಡ್‌ಗೆ ಹಾಕಿದರೆ ಶಾಶ್ವತವಾಗಿ ಇರುತ್ತದಾ?
(ಓದುಗರು, ಪೊನ್ನಂಪೇಟೆ)

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. 100 ಸೆಂಟಿಗೆ 1 ಇಂಚು ಅನ್ನುವ ಲೆಕ್ಕ ಈಗಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಆದರೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವ ವರ್ಷ ಯಾವ ತಾರೀಕಿಗೆ ಬಿತ್ತು, ಎಷ್ಟು ಸೆಂಟು ಬಿತ್ತು ಅನ್ನುವುದು ನಿಮ್ಮ ತೋಟದ ಮಟ್ಟಿಗೆ ಇನ್ನೆಲ್ಲೂ ಸಿಗದ ದಾಖಲೆ.

ಮೊದಲು ಪುಸ್ತಕವನ್ನು ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಹಾಕಬೇಡಿ, ಶಾಯಿ ಮಾಸುತ್ತದೆ. ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನಿನ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡಿ. ಫೈಲ್ ಹೆಸರಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ ಬರಲಿ, ಆಗ ಸಾಲಾಗಿ ನಿಲ್ಲುತ್ತವೆ. ಪುರುಸೊತ್ತಾದಾಗ ಅಂಕಿಗಳನ್ನು ಒಂದು ಶೀಟ್‌ಗೆ ಟೈಪ್ ಮಾಡಿಸಿ.

ಶಾಶ್ವತ ಅಂತ ಮಾತ್ರ ಯಾರೂ ಬರೆದುಕೊಡುವುದಿಲ್ಲ. 2 ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, 2023ರ ಕೊನೆಯಿಂದ ಅದು ಜಾರಿಯಲ್ಲಿದೆ. ಖಾತೆಯ ಸೆಟ್ಟಿಂಗ್‌ನಲ್ಲಿ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಅಂತಿದೆ. ನೀವು ಇಷ್ಟು ತಿಂಗಳು ಖಾತೆ ಮುಟ್ಟದಿದ್ದರೆ ಯಾರಿಗೆ ಹೋಗಬೇಕು ಅಂತ ಅಲ್ಲಿ ಮಗನದ್ದೋ ಮಗಳದ್ದೋ ಹೆಸರು ಹಾಕಿಡಬಹುದು. ಒಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ ಹಾಕಿ ಬೇರೆ ಊರಲ್ಲಿರುವ ನೆಂಟರ ಮನೆಗೆ ಕೊಟ್ಟುಬಿಡಿ. ಸ್ಕ್ಯಾನ್ ಆಯ್ತಲ್ಲ ಅಂತ ಪುಸ್ತಕ ಎಸೆದುಬಿಟ್ಟೀರಿ, ದಯವಿಟ್ಟು ಬೇಡ.

ಪ್ರಶ್ನೆ: ಡಿಜಿಲಾಕರ್‌ಗೆ ನನ್ನ ಮಾರ್ಕ್ಸ್ ಕಾರ್ಡ್ ಫೋಟೋ ಹಾಕಿದ್ದೇನೆ. ಒರಿಜಿನಲ್ ಕಳೆದರೂ ಪರವಾಗಿಲ್ವಾ?
(ವಿದ್ಯಾರ್ಥಿನಿ, ವಿರಾಜಪೇಟೆ)

ಉತ್ತರ: ನೀವು ಫೋಟೋ ತೆಗೆದು ಹಾಕಿದ್ದಕ್ಕೆ ಆ ಬೆಲೆ ಇಲ್ಲ. ಬೋರ್ಡ್‌ನಿಂದಲೇ ನೇರವಾಗಿ ಬಂದು 'ಇಶ್ಯೂಡ್' ಪಟ್ಟಿಯಲ್ಲಿ ಕೂತದ್ದಕ್ಕೆ ಮಾತ್ರ ಮೂಲ ದಾಖಲೆಯ ಮಾನ್ಯತೆ. ಹುಡುಕಿ ನೋಡಿ, ಸಿಕ್ಕಿದರೆ ಅದನ್ನೇ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಯುವಕ ಸಂಘದಿಂದ ಕ್ಲೌಡ್ ಬಗ್ಗೆ ಸಾರ್ವಜನಿಕ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಯಾರನ್ನು ಕರೆಯುವುದು, ಏನು ಹೇಳಿಸುವುದು?
(ಕಾರ್ಯದರ್ಶಿ, ಗೋಣಿಕೊಪ್ಪ)

ಉತ್ತರ: ಜನ ಬರುವ ಕಾಲ ನೋಡಿ. ರೊಬಸ್ಟಾ ಕೊಯ್ಲಿನಲ್ಲಿ ಕರೆದರೆ ಖಾಲಿ ಕುರ್ಚಿಗೆ ಭಾಷಣ ಮಾಡಬೇಕಾಗುತ್ತದೆ, ಮಳೆಗಾಲವಂತೂ ಬೇಡವೇ ಬೇಡ. ಮಡಿಕೇರಿ ದಸರಾ ಮುಗಿದ ಮೇಲೆ, ಪುತ್ತರಿ ಅನ್ನುವ ನಮ್ಮ ಸುಗ್ಗಿ ಹಬ್ಬಕ್ಕೆ ಮುಂಚೆ ಇಟ್ಟುಕೊಳ್ಳಿ.

ಜಿಲ್ಲೆಯ ಸೈಬರ್ ಪೊಲೀಸರನ್ನು ಕರೆಯಿರಿ, ಜನ ಹೇಗೆ ಮೋಸ ಹೋಗುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಜ್ಯ ಸರ್ಕಾರದ ಸೈಬರ್ ಭದ್ರತಾ ಕೇಂದ್ರ ಇದೆ, ಸೈಸೆಕ್ ಅಂತ. ಅವರಿಗೂ ಬರೆದು ನೋಡಿ. ಕಂಪನಿಯವರನ್ನು ಕರೆಯಬೇಡಿ ಅನ್ನುವುದಿಲ್ಲ, ಕರೆದರೆ ಇಬ್ಬರು ಪ್ರತಿಸ್ಪರ್ಧಿಗಳನ್ನು ಕರೆಯಿರಿ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹೇಳುತ್ತಾರೆ, ಮಜಾನೂ ಇರುತ್ತದೆ.

ಉದ್ಘಾಟನೆ, ಹಾರ, ಶಾಲು ಅಂತ ಮುಕ್ಕಾಲು ಗಂಟೆ ಕಳೆಯಬೇಡಿ. ಎಲ್ಲರೂ ಫೋನ್ ಹೊರಗೆ ತೆಗೆಯಲಿ. ವೇದಿಕೆ ಮೇಲೆ ಒಬ್ಬರು ಒಂದು ಫೈಲ್ ಅಳಿಸಿ, ಮತ್ತೆ ವಾಪಸ್ ತಂದು ತೋರಿಸಲಿ. ಎರಡು ಹಂತದ ಪರಿಶೀಲನೆಯನ್ನು (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತನ್ನೂ ಕೇಳುವುದು) ಅಲ್ಲೇ, ಅವರವರ ಕೈಯಿಂದಲೇ ಹಾಕಿಸಿ. ಸ್ವಯಂಸೇವಕರು ಯಾರ ಫೋನನ್ನೂ ಕೈಗೆ ತೆಗೆದುಕೊಳ್ಳಬಾರದು, ಎಷ್ಟೇ ವಯಸ್ಸಾದವರಾದರೂ ಪಕ್ಕ ಕೂತು ಬಾಯಲ್ಲಿ ಹೇಳಲಿ. ಆನ್‌ಲೈನ್ ಮೋಸದಲ್ಲಿ ದುಡ್ಡು ಕಳೆದುಕೊಂಡರೆ ತಕ್ಷಣ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅನ್ನುವುದು ಬಾಗಿಲ ಹತ್ತಿರವೇ ದೊಡ್ಡದಾಗಿ ಬರೆದಿರಲಿ.

ಇನ್ನೊಂದು. ಭದ್ರತೆಯ ಸಭೆಯಲ್ಲೇ ಹಾಜರಿ ಹಾಳೆ ಅಂತ ಒಂದು ಪೇಪರ್ ಸುತ್ತಿಸಿ, ಎಲ್ಲರ ಹೆಸರು, ಮೊಬೈಲ್ ನಂಬರ್ ಬರೆಸಿಕೊಂಡು, ಕೊನೆಗೆ ಪ್ರಾಯೋಜಕರ ಕೈಗೆ ಕೊಡುವ ಚಾಳಿ ಇದೆ. ಮಾರನೇ ದಿನದಿಂದ ಫೋನ್ ಶುರು. ತಲೆ ಎಣಿಸಿ, ನಂಬರ್ ಬೇಡ. ಹಾಲ್‌ನಲ್ಲಿ ಸಿಗ್ನಲ್ ಬರುತ್ತದಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ, ಜನರೇಟರಿಗೆ ಡೀಸೆಲ್ ಹಾಕಿಸಿ.