ಮದುವೆ ಊಟಕ್ಕೆ ತರುವ ಬಯೋಡಿಗ್ರೇಡಬಲ್ ತಟ್ಟೆ, ಲೋಟ, ಕವರ್ ನಿಜವಾಗಿ ಮಣ್ಣಾಗುತ್ತವಾ?

ನಿಮ್ಮ ಪ್ರಶ್ನೆ ಇದು: ಬೆಂಗಳೂರಿನಲ್ಲಿ ತಂಗಿಯ ಮದುವೆ, ಐನೂರು ಜನರ ಊಟ. ಪ್ಲಾಸ್ಟಿಕ್ ಬೇಡ ಅಂತ ಮನೆಯವರೆಲ್ಲ ಒಪ್ಪಿದ್ದಾರೆ. ಅಂಗಡಿಗೆ ಹೋದರೆ ತಟ್ಟೆ, ಲೋಟ, ಕವರ್ ಎಲ್ಲದರ ಮೇಲೂ ‘ಬಯೋಡಿಗ್ರೇಡಬಲ್’ ಅಂತ ಬರೆದಿದೆ, ಬೆಲೆಯೂ ಜಾಸ್ತಿ. ಇವು ನಿಜವಾಗಿ ಪರಿಸರಕ್ಕೆ ಒಳ್ಳೆಯದಾ, ಸುಮ್ನೆ ದುಡ್ಡು ದಂಡವಾ?

ಎಲ್ಲವೂ ದಂಡ ಅಲ್ಲ. ಆದರೆ ಮೇಲೆ ಏನು ಬರೆದಿದೆ ಅನ್ನುವುದಕ್ಕಿಂತ, ಊಟ ಮುಗಿದ ಮೇಲೆ ಆ ವಸ್ತು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲು ವಿಚಾರಿಸಿ. ಒಂದೇ ತಟ್ಟೆ ಒಂದು ಕಡೆ ಗೊಬ್ಬರವಾಗುತ್ತದೆ, ಇನ್ನೊಂದು ಕಡೆ ಕಸವಾಗಿಯೇ ಉಳಿಯುತ್ತದೆ.

ನಮ್ಮ ಅಪಾರ್ಟ್‌ಮೆಂಟಿನ ಗೊಬ್ಬರದ ತೊಟ್ಟಿಗಳನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಹಾಗಾಗಿ ಯಾವುದು ಹೇಗೆ ಕೊಳೆಯುತ್ತದೆ ಅಂತ ದಿನಾ ಕಣ್ಣಿಗೆ ಬೀಳುತ್ತದೆ. ಬಾಳೆ ಎಲೆ ಬೇಗ ಕಪ್ಪಾಗಿ ಕರಗುತ್ತದೆ, ನಡುವಿನ ದಂಟು ಮಾತ್ರ ಸ್ವಲ್ಪ ತಡ. ಅಡಿಕೆ ಹಾಳೆಯ ತಟ್ಟೆ ಮೊದಲು ಮೆತ್ತಗಾಗಿ, ಮೇಲೆ ಬಿಳಿ ಬೂಸ್ಟು ಹಿಡಿದು, ಆಮೇಲೆ ನಾರು ನಾರಾಗಿ ಬಿಡಿಸಿಕೊಳ್ಳುತ್ತದೆ. ‘ಕಾಂಪೋಸ್ಟಬಲ್’, ಅಂದರೆ ಗೊಬ್ಬರವಾಗುತ್ತದೆ ಅಂತ ಬರೆದಿರುವ ಹಸಿರು ಬಣ್ಣದ ಕವರ್ ಮಾತ್ರ ಗೊಬ್ಬರ ಜರಡಿ ಹಿಡಿಯುವಾಗಲೂ ಕೈಗೆ ಸಿಗುತ್ತದೆ. ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿರುತ್ತದೆ, ಎಳೆದರೆ ಹರಿಯುತ್ತದೆ. ಆದರೆ ಮೇಲಿನ ಅಕ್ಷರ ಇನ್ನೂ ಓದಲು ಬರುತ್ತದೆ!

ಇದಕ್ಕೆ ಕಾರಣ ಶಾಖ ಸಾಲದಿರುವುದು. ಇಂಥ ಕವರ್, ಲೋಟಗಳಲ್ಲಿ ಹೆಚ್ಚಾಗಿ ಇರುವುದು ಪಿಎಲ್‌ಎ ಮತ್ತು ಪಿಬಿಎಟಿ ಅನ್ನುವ ಎರಡು ಬಗೆಯ ಪ್ಲಾಸ್ಟಿಕ್. ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ತೆಗೆದು, ಅದರಿಂದ ಪಿಎಲ್‌ಎ ಮಾಡುತ್ತಾರೆ. ಮೊಸರು ಹುಳಿಯಾಗುವುದೂ ಇದೇ ಆಮ್ಲದಿಂದ. ಪಿಬಿಎಟಿ ಬಹುಪಾಲು ಪೆಟ್ರೋಲಿಯಂನಿಂದ ಬಂದದ್ದು, ಆದರೂ ಸೂಕ್ಷ್ಮಜೀವಿಗಳು ಅದನ್ನು ಒಡೆಯಬಲ್ಲವು. ಅದೇ ಕಬ್ಬಿನಿಂದ ಮಾಮೂಲಿ ಪಾಲಿಥೀನನ್ನೂ ತಯಾರಿಸುತ್ತಾರೆ, ಅದು ಮಣ್ಣಾಗುವುದೇ ಇಲ್ಲ. ಗಿಡದಿಂದ ಬಂದದ್ದೆಲ್ಲ ಕೊಳೆಯುತ್ತದೆ ಅಂತಲೂ ಇಲ್ಲ, ಎಣ್ಣೆಬಾವಿಯಿಂದ ಬಂದದ್ದೆಲ್ಲ ಕೊಳೆಯುವುದಿಲ್ಲ ಅಂತಲೂ ಇಲ್ಲ.

ನಮ್ಮಲ್ಲಿ ಕಾಂಪೋಸ್ಟಬಲ್ ಪ್ಲಾಸ್ಟಿಕ್ಕಿಗೆ ಇರುವ ಮಾನದಂಡ ಐಎಸ್/ಐಎಸ್‌ಒ 17088. ಸುಮಾರು 58 ಡಿಗ್ರಿ ಶಾಖದಲ್ಲಿ, 180 ದಿನದೊಳಗೆ, ಅದರಲ್ಲಿರುವ ಇಂಗಾಲದ ಶೇಕಡಾ 90 ಭಾಗದಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಹೋಗಬೇಕು ಅನ್ನುವುದು ಅದರ ಮುಖ್ಯ ಪರೀಕ್ಷೆ. ದೊಡ್ಡ ಗೊಬ್ಬರದ ಘಟಕದಲ್ಲಿ ಆ ಶಾಖ ವಾರಗಟ್ಟಲೆ ನಿಲ್ಲುತ್ತದೆ. ನಮ್ಮ ತೊಟ್ಟಿಯಲ್ಲಿ ಹಸಿ ಕಸ ತುಂಬಿದ ಹೊಸದರಲ್ಲಿ ಹಬೆ ಏಳುವಷ್ಟು ಬಿಸಿ ಬರುತ್ತದೆ, ಕೆಲವೇ ದಿನದಲ್ಲಿ ಇಳಿದುಬಿಡುತ್ತದೆ. ಹಿತ್ತಿಲಿನ ಗುಂಡಿಯಲ್ಲಿ ಅಷ್ಟೂ ಬರುವುದಿಲ್ಲ. ಹಾಗಾಗಿ ಆ ಕವರನ್ನು ಮಲ್ಲಿಗೆ ಗಿಡದ ಬುಡದಲ್ಲಿ ಹೂತರೆ ಬಹಳ ಕಾಲ ಅಲ್ಲೇ ಇರುತ್ತದೆ.

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2019ರಲ್ಲಿ ಇದನ್ನೇ ತೋರಿಸಿದರು. ಬೇರೆ ಬೇರೆ ಚೀಲಗಳನ್ನು ಮಣ್ಣಿನಲ್ಲಿ ಹೂತರು, ಸಮುದ್ರದ ನೀರಿನಲ್ಲಿ ಮುಳುಗಿಸಿದರು, ಗಾಳಿ ಬಿಸಿಲಿಗೆ ಒಡ್ಡಿದರು. ‘ಬಯೋಡಿಗ್ರೇಡಬಲ್’ ಅಂತ ಮಾರುತ್ತಿದ್ದ ಚೀಲ ಮೂರು ವರ್ಷ ಮಣ್ಣಿನಲ್ಲೋ ಸಮುದ್ರದಲ್ಲೋ ಇದ್ದ ಮೇಲೂ ಸಾಮಾನು ತುಂಬಿ ಹೊರುವಷ್ಟು ಗಟ್ಟಿ ಇತ್ತು. ಕಾಂಪೋಸ್ಟಬಲ್ ಚೀಲ ಸಮುದ್ರದಲ್ಲಿ ಮೂರು ತಿಂಗಳಿಗೆ ಕಾಣೆಯಾಯಿತು, ಮಣ್ಣಿನಲ್ಲಿ ಮಾತ್ರ 27 ತಿಂಗಳಾದರೂ ಉಳಿದಿತ್ತು.

ಇನ್ನು ‘ಆಕ್ಸೋ’ ಅಂತ ಬರೆದಿರುವ ಕವರ್‌ಗಳನ್ನು ದಯವಿಟ್ಟು ಮುಟ್ಟಬೇಡಿ. ಅದು ಮಾಮೂಲಿ ಪ್ಲಾಸ್ಟಿಕ್ಕೇ. ಬಿಸಿಲಿಗೆ ಬೇಗ ಪುಡಿಯಾಗಲಿ ಅಂತ ಒಂದು ರಾಸಾಯನಿಕ ಸೇರಿಸಿರುತ್ತಾರೆ, ಅಷ್ಟೇ. ಪುಡಿ ಆದದ್ದನ್ನು ಆರಿಸಿ ತೆಗೆಯುವವರು ಯಾರು? ಯುರೋಪಿಯನ್ ಒಕ್ಕೂಟ ಇದನ್ನು ನಿಷೇಧಿಸುವ ಕಾನೂನನ್ನು 2019ರಲ್ಲೇ ತಂದಿತು.

ಈಗ ನಿಮ್ಮ ಮದುವೆಗೆ ಬರೋಣ. ಎಲ್ಲಕ್ಕಿಂತ ಒಳ್ಳೆಯದು ತೊಳೆದು ಬಳಸುವ ಸ್ಟೀಲ್ ತಟ್ಟೆ, ಲೋಟ. ಶಾಮಿಯಾನದವರ ಹತ್ತಿರ, ಪಾತ್ರೆ ಬಾಡಿಗೆಗೆ ಕೊಡುವವರ ಹತ್ತಿರ ಸಿಗುತ್ತದೆ. ಕನಿಷ್ಠ ಲೋಟವನ್ನಾದರೂ ಸ್ಟೀಲಿನದೇ ಇಡಿ. ಯಾಕೆಂದರೆ ಪೇಪರ್ ಕಪ್ಪಿನ ಒಳಗೆ ಸಾಮಾನ್ಯವಾಗಿ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ. ಅಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿನೀರನ್ನು 15 ನಿಮಿಷ ಇಟ್ಟರೆ ಸುಮಾರು 25,000 ಮೈಕ್ರೋಪ್ಲಾಸ್ಟಿಕ್ ಕಣಗಳು ನೀರಿಗೆ ಬರುತ್ತವೆ ಅಂತ ಖರಗ್‌ಪುರ ಐಐಟಿಯವರು ಕಂಡುಕೊಂಡಿದ್ದಾರೆ. ಕಾಫಿ ಕುಡಿಯುವವರು ಅಷ್ಟು ಹೊತ್ತು ಇಟ್ಟುಕೊಳ್ಳುವುದಿಲ್ಲ, ನಿಜ. ಆದರೆ ಆ ಪದರ ಇರುವವರೆಗೆ ಪೇಪರ್ ಕಪ್ ಗೊಬ್ಬರಕ್ಕೂ ಆಗದು, ರದ್ದಿಯವನಿಗೂ ಬೇಡ.

ಎಲೆಯ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಬಾಳೆ ಎಲೆ ಅಥವಾ ಮುತ್ತುಗದ ಎಲೆ ಹಾಕಿಸಿ. ಮುತ್ತುಗದ ಎಲೆ ಕೊಳ್ಳುವಾಗ ತಿರುಗಿಸಿ ನೋಡಿ. ಕಡ್ಡಿ ಚುಚ್ಚಿ ಹೊಲಿದದ್ದಾದರೆ ಸರಿ. ಕೆಲವಕ್ಕೆ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಉಗುರಿನಿಂದ ಕೆರೆದರೆ ಸಿಪ್ಪೆ ಥರ ಏಳುತ್ತದೆ. ಅದು ಬೇಡ. ಬಾಳೆ ಎಲೆಯ ಚಿತ್ರ ಹಾಕಿದ ಹಸಿರು ಪೇಪರ್ ಎಲೆಯೂ ಬೇಡ, ಅದಕ್ಕೂ ಪ್ಲಾಸ್ಟಿಕ್ ಲೇಪನ ಇರುತ್ತದೆ. ಅಡಿಕೆ ಹಾಳೆ ತಾನಾಗಿ ಉದುರಿದ್ದು, ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ, ಅಂಟು ಬೇಕಿಲ್ಲ. ಕಸದ ದೃಷ್ಟಿಯಿಂದ ಇದಕ್ಕೆ ಹೆಸರಿಡುವಂತಿಲ್ಲ. ಆದರೆ ಅಡಿಕೆಯಲ್ಲಿರುವ, ಆರೋಗ್ಯಕ್ಕೆ ಹಾನಿ ಮಾಡುವ ಅರೆಕೋಲಿನ್‌ನಂಥ ಅಂಶಗಳು ಹಾಳೆಯಿಂದ ಊಟಕ್ಕೆ ಇಳಿಯಬಹುದು ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2025ರಲ್ಲಿ ಆಕ್ಷೇಪ ಎತ್ತಿದೆ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಿಗೆ ಇದರಿಂದ ಆದಾಯ ಇದೆ, ಹಾಗಾಗಿ ನಮ್ಮಲ್ಲೇ ಸರಿಯಾದ ಪರೀಕ್ಷೆ ಬೇಗ ಆಗಲಿ ಅನ್ನುವುದು ನನ್ನ ಆಸೆ. ಸದ್ಯಕ್ಕೆ ಬಿಸಿ ಸಾರು, ಪಾಯಸಕ್ಕೆ ಸ್ಟೀಲ್ ಬಟ್ಟಲು ಕೊಡಿ.

ಎಲೆ ಚೆನ್ನಾಗಿರುವುದನ್ನೇ ಆರಿಸಿದರೂ ಒಂದು ಅಪಾಯ ಇದೆ. ಛತ್ರದ ಹಿಂಬದಿಯಲ್ಲಿ ಎಲೆ, ಅನ್ನ, ನೀರಿನ ಬಾಟಲಿ ಎಲ್ಲವನ್ನೂ ಒಂದೇ ಕಪ್ಪು ಕವರಿಗೆ ತುಂಬಿ ಕಟ್ಟಿಬಿಡುತ್ತಾರೆ. ಅದು ಕಸದ ಗುಡ್ಡಕ್ಕೆ ಹೋಗುತ್ತದೆ. ಅಲ್ಲಿ ಗಾಳಿಯಾಡದೆ ಕೊಳೆತು ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಜೊತೆಗೆ ಇಳಿಯುವ ಕೊಳಕು ನೀರು ಹತ್ತಿರದ ಬಾವಿ, ಕೆರೆ ಸೇರುತ್ತದೆ. ಮಂಡೂರು, ಮಾವಳ್ಳಿಪುರದ ಜನ ಬೀದಿಗಿಳಿದು ಹೋರಾಡಿದ್ದು ಬೆಂಗಳೂರು ಹೀಗೆ ತಂದು ಸುರಿದ ಕಸಕ್ಕೇ ಅಲ್ವಾ? ಅವರ ಊರಿಗೆ ಹೋಗಿ ಬಿದ್ದದ್ದರಲ್ಲಿ ನಮ್ಮ ಮದುವೆಗಳ ಬಾಳೆ ಎಲೆಯೂ ಇತ್ತು.

ಅದಕ್ಕೇ ಮುಂಗಡ ಕೊಡುವಾಗಲೇ ಛತ್ರದವರ ಹತ್ತಿರ ಮಾತಾಡಿ. ಹಸಿ ಕಸಕ್ಕೆ ಬೇರೆ ಡ್ರಮ್ ಇಡಿಸಿ, ಅದರೊಳಗೆ ಕವರ್ ಹಾಕುವುದು ಬೇಡ ಅನ್ನಿ. ಕಾಂಪೋಸ್ಟಬಲ್ ಕವರ್ ಕೂಡ ಬೇಡ. ಕಸ ಬೇರ್ಪಡಿಸುವ ಪೌರಕಾರ್ಮಿಕರಿಗೆ ಎರಡೂ ನೋಡಲು ಒಂದೇ, ಅವರು ಹೇಗೆ ಗುರುತು ಹಿಡಿಯಬೇಕು? ಬಡಿಸುವವರಲ್ಲಿ ಇಬ್ಬರಿಗೆ ಸ್ವಲ್ಪ ಹೆಚ್ಚು ಕೊಟ್ಟು ಎಲೆ ಎತ್ತುವಾಗ ಬೇರ್ಪಡಿಸುವ ಕೆಲಸ ಒಪ್ಪಿಸಿ. ಹಸು ಸಾಕಿರುವವರು ಹತ್ತಿರದಲ್ಲಿದ್ದರೆ ಬಾಳೆ ಎಲೆಯನ್ನು ಖುಷಿಯಿಂದ ಒಯ್ಯುತ್ತಾರೆ.

ಕೊನೆಯದಾಗಿ ತಾಂಬೂಲದ ಚೀಲ. ಬಟ್ಟೆ ಚೀಲ ಅಂತ ಮಾರುವ ಎಷ್ಟೋ ಚೀಲಗಳು ನಾನ್‌ವೋವನ್, ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಹತ್ತಿರದಿಂದ ನೋಡಿದರೆ ನೇಯ್ಗೆಯ ಎಳೆ ಕಾಣುವುದಿಲ್ಲ, ಸಣ್ಣ ಸಣ್ಣ ಚುಕ್ಕಿ ಒತ್ತಿರುತ್ತದೆ. ಹಾಗಂತ ಹತ್ತಿ ಚೀಲವೂ ಪುಕ್ಕಟೆ ಪುಣ್ಯ ಅಲ್ಲ. ಹತ್ತಿ ಬೆಳೆಯಲು, ನೇಯಲು ಆಗುವ ಖರ್ಚು ಎಷ್ಟೆಂದರೆ, ತೆಳು ಪ್ಲಾಸ್ಟಿಕ್ ಕವರಿನಷ್ಟೇ ಹವಾಮಾನಕ್ಕೆ ಹಗುರ ಆಗಬೇಕಾದರೆ ಒಂದು ಚೀಲವನ್ನು 131 ಸಲ ಬಳಸಬೇಕು ಅಂತ ಇಂಗ್ಲೆಂಡಿನ ಪರಿಸರ ಇಲಾಖೆಯ 2011ರ ಅಧ್ಯಯನ ಲೆಕ್ಕ ಹಾಕಿದೆ. ಹಾಗಾಗಿ ಹತ್ತಿಯದೇ ಕೊಡುವುದಾದರೆ ಎರಡು ಕೆಜಿ ತರಕಾರಿ ಹಿಡಿಸುವಷ್ಟು ದೊಡ್ಡದು ಹೊಲಿಸಿ, ಗಟ್ಟಿ ಹಿಡಿಕೆ ಇರಲಿ, ಮೇಲೆ ವಧೂವರರ ಹೆಸರು, ತಾರೀಖು ಅಚ್ಚು ಹಾಕಿಸಬೇಡಿ. ಹೆಸರಿರುವ ಚೀಲ ಬೀರುವಿನ ಮೂಲೆ ಸೇರುತ್ತದೆ, ಬರೀ ಚೀಲವನ್ನು ಜನ ಸಂತೆಗೆ ಒಯ್ಯುತ್ತಾರೆ.