ಯಾವುದರ ಒಳಗೆ, ಯಾವುದರ ಹೊರಗೆ?

ಪ್ರಿಯ ಟೀಚರ್ ಅವರೇ,

ನಡುವಿನ ಲೋಹಕ್ಕೆ ಬೇರೆ ಅಣು, ಅಯಾನುಗಳು ಅಂಟಿಕೊಂಡಿರುವ ಕೋಆರ್ಡಿನೇಷನ್ ಸಂಯುಕ್ತಗಳ ಐಸೋಮರ್‌ಗಳ (ಘಟಕಗಳು ಅವೇ ಇದ್ದು ಜೋಡಣೆ ಮಾತ್ರ ಬೇರೆಯಾದ ಸಮಾಂಗಿಗಳ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಕಾಸರಗೋಡಿನ ಪ್ಲಸ್ ಟು ಮಕ್ಕಳಿಗೆ ಕೆಮಿಸ್ಟ್ರಿ ಕನ್ನಡದಲ್ಲೂ ಓದಲು ಸಿಗಲಿ ಎಂಬ ನಿಮ್ಮ ಆಸೆ ದೊಡ್ಡದು. ಭಾಷೆ ಶುದ್ಧವಾಗಿದೆ. ಆದರೆ ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಅದನ್ನಷ್ಟೇ ಹೇಳುತ್ತೇನೆ.

‘ಒಳಗಿನ ಅಯಾನು ಹೊರಗೆ ಬಂದು, ಹೊರಗಿನದು ಒಳಗೆ ಹೋದರೆ ಅಯಾನೀಕರಣ ಸಮಾಂಗತೆ’ ಎಂದಿದ್ದೀರಿ. ಯಾವುದರ ಒಳಗೆ? ಸೂತ್ರದಲ್ಲಿ ಚೌಕ ಬ್ರಾಕೆಟ್ ಯಾಕೆ ಹಾಕುತ್ತಾರೆ ಅಂತ ಲೇಖನದಲ್ಲಿ ಎಲ್ಲೂ ಇಲ್ಲ. ಲೋಹಕ್ಕೆ ನೇರವಾಗಿ ಅಂಟಿಕೊಂಡದ್ದು ಒಳಗೆ. ನೀರಿಗೆ ಹಾಕಿದ ಕೂಡಲೇ ಬಿಡಿಸಿಕೊಂಡು ಹೋಗುವುದು ಹೊರಗೆ. ಇಷ್ಟು ಹೇಳದಿದ್ದರೆ ಮುಂದಿನ ಸಾಲುಗಳು ಮಕ್ಕಳ ತಲೆಗೆ ಹೋಗುವುದಿಲ್ಲ.

ಮುಂದಿನ ಸಾಲು: ‘ಇವನ್ನು ಸೂಕ್ತ ಪರೀಕ್ಷೆಗಳಿಂದ ಗುರುತಿಸಬಹುದು.’ ಯಾವ ಪರೀಕ್ಷೆ? ವಿಷಯದ ಜೀವ ಇರುವುದೇ ಅಲ್ಲಿ, ಅಲ್ವಾ? ನಿಮ್ಮದೇ ಉದಾಹರಣೆ ನೋಡಿ. ಒಂದು ಕೋಬಾಲ್ಟ್, ಐದು ಅಮೋನಿಯಾ, ಒಂದು ಬ್ರೋಮೈಡ್, ಒಂದು ಸಲ್ಫೇಟ್. ಸಲ್ಫೇಟ್ ಹೊರಗಿದ್ದರೆ ಲವಣದ ಬಣ್ಣ ನೇರಳೆ. ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಹಾಕಿದರೆ ಬಿಳಿ ಪ್ರಕ್ಷೇಪ ತಳಕ್ಕಿಳಿಯುತ್ತದೆ. ಬ್ರೋಮೈಡ್ ಹೊರಗಿದ್ದರೆ ಕೆಂಪು. ಅದು ಬೇರಿಯಂ ಕ್ಲೋರೈಡಿಗೆ ಜಗ್ಗುವುದಿಲ್ಲ. ಸಿಲ್ವರ್ ನೈಟ್ರೇಟ್ ಹಾಕಿ, ತಿಳಿ ಹಳದಿ ಪ್ರಕ್ಷೇಪ ಬರುತ್ತದೆ. ಎರಡೂ ಶಾಲೆಯ ಲ್ಯಾಬಿನ ಕಪಾಟಿನಲ್ಲಿ ಇರುವ ಬಾಟಲಿಗಳೇ.

ನಾನು ಕೆಲಸ ಕಲಿತದ್ದು ಅಚ್ಚುಮೊಳೆಯ ಕಾಲದ ಒಂದು ಸಣ್ಣ ಪ್ರೆಸ್ಸಿನಲ್ಲಿ. ಅಲ್ಲಿನ ಸಂಪಾದಕರು ನನ್ನ ಬರಹವನ್ನು ಮೊಳೆ ಜೋಡಿಸುವವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮೊಳೆ ಜೋಡಿಸುವವರು ಕೈ ನಿಲ್ಲಿಸಿ ‘ಅಂದ್ರೆ ಎಂತ?’ ಅಂತ ಕೇಳಿದರೆ ಆ ಸಾಲು ನನಗೆ ವಾಪಸ್. ‘ಸೂಕ್ತ’, ‘ವಿವಿಧ’ ಬಂದಾಗಲೇ ಅವರ ಕೈ ಜಾಸ್ತಿ ನಿಲ್ಲುತ್ತಿದ್ದದ್ದು. ಈಗಲೂ ಆ ಎರಡು ಮಾತು ಕಂಡರೆ ನನ್ನ ಪೆನ್ನು ತಾನಾಗಿ ಅಲ್ಲಿಗೆ ಹೋಗುತ್ತದೆ.

ನಿಮ್ಮಲ್ಲಿ ‘ವಿವಿಧ’ವೂ ಇದೆ: ‘ಕ್ರೋಮಿಯಂ ಕ್ಲೋರೈಡಿನಲ್ಲಿ ನೀರು ವಿವಿಧ ರೀತಿ ವರ್ತಿಸುತ್ತದೆ.’ ಸುಮ್ನೆ ಹಾಗಂದರೆ ಹೇಗೆ? ಎಣಿಸಿ ತೋರಿಸಿ. ಒಂದು ಕ್ರೋಮಿಯಂ, ಮೂರು ಕ್ಲೋರೈಡ್, ಆರು ನೀರು. ಆರೂ ನೀರು ಬ್ರಾಕೆಟ್ ಒಳಗಿದ್ದರೆ ಹರಳು ನೇರಳೆ, ಮೂರೂ ಕ್ಲೋರೈಡ್ ಸಿಲ್ವರ್‌ಗೆ ಸಿಗುತ್ತವೆ. ಐದಿದ್ದರೆ ಒಂದು ಕ್ಲೋರೈಡ್ ಒಳಗೆ ಸೇರುತ್ತದೆ, ಹರಳು ನೀಲಿ ಹಸಿರು, ಎರಡು ಸಿಗುತ್ತವೆ. ನಾಲ್ಕಿದ್ದರೆ ಕಡು ಹಸಿರು, ಒಂದೇ. ಈ ಸಂಯುಕ್ತಗಳ ರಚನೆಯನ್ನು ವಿವರಿಸಿದ ರಸಾಯನ ವಿಜ್ಞಾನಿ ವರ್ನರ್‌ಗೆ 1913ರಲ್ಲಿ ನೊಬೆಲ್ ಬಂದದ್ದನ್ನು ಬರೆದಿದ್ದೀರಿ. ಲೋಹಕ್ಕೆ ಕೆಲವು ನೇರವಾಗಿ ಅಂಟಿಕೊಂಡಿರುತ್ತವೆ, ಉಳಿದವು ಹೊರಗಿರುತ್ತವೆ ಎಂಬ 1893ರ ಅವರ ವಾದಕ್ಕೆ ಇಂಥ ಎಣಿಕೆಯ ಬಲ ಇತ್ತು ಅನ್ನುವುದನ್ನೇ ಬಿಟ್ಟಿದ್ದೀರಿ.

ಎರಡನೇ ಪುಟ ಹೊಸದಾಗಿ ಬರೆದು ಕಳಿಸಿ. ನೈಟ್ರೋ, ನೈಟ್ರಿಟೋ ಜೋಡಿಯನ್ನು (ಒಂದೇ ಗುಂಪು ಲೋಹಕ್ಕೆ ಒಮ್ಮೆ ನೈಟ್ರೋಜನ್ ಕಡೆಯಿಂದ, ಒಮ್ಮೆ ಆಕ್ಸಿಜನ್ ಕಡೆಯಿಂದ ಅಂಟುವುದು) ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ.